ಅವ್ವನ ಎಣ್ಣೆ, ಅಪ್ಪನ ಕಾಸ್ಟಿಕ್

ನಮ್ಮದು ಎರಡೂವರೆ ಖೋಲಿಯ ಮನೆ. ಮುಂದಿನ ಖೋಲಿ ಅಪ್ಪನದು, ಹಿಂದಿನದು ಅವ್ವನ ಅಡುಗೆಮನೆ, ನಡುವೆ ಒಂದು ಹಾಸಿಗೆ ಹಿಡಿಯುವಷ್ಟು ಜಾಗ, ಅದು ನನ್ನದು. ಸೇಡಂನ ಆ ಓಣಿಯಲ್ಲಿ ಎಲ್ಲರ ಮನೆಗೂ ನೆಲಕ್ಕೆ ಫರ್ಸಿ, ಮಾಳಿಗೆಗೂ ಫರ್ಸಿ. ಶಹಾಬಾದಿನ ಕಲ್ಲು ಅಷ್ಟು ಹತ್ತಿರ ಸಿಗುವಾಗ ಬೇರೆ ಏನನ್ನಾದರೂ ಹೊದಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ. ಬೇಸಿಗೆ ಬಂತೆಂದರೆ ಮೇಲಿನ ಕಲ್ಲೂ ಕೆಳಗಿನ ಕಲ್ಲೂ ಕಾದು, ನಾವು ಮೂವರು ಮೂರು ಕಡೆ ಬಾಯಿ ಮುಚ್ಚಿಕೊಂಡು ಬೆವರುತ್ತ ಕೂತಿರುತ್ತಿದ್ದೆವು. ಮಳೆಗಾಲದಲ್ಲೂ ಬಾಯಿ ಮುಚ್ಚಿಕೊಂಡೇ ಕೂತಿರುತ್ತಿದ್ದೆವು ಅನ್ನುವುದು ಬೇರೆ ಮಾತು. ಅಡುಗೆಮನೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನಾನು ಒಂದನೇ ಇಯತ್ತೆಯಲ್ಲಿ ಬಳಸಿ ಬಿಟ್ಟ ಪಾಟಿ, ಕಟ್ಟಿಗೆ ಚೌಕಟ್ಟಿನ ಸ್ಲೇಟು, ತೂಗುತ್ತಿತ್ತು. ಅದರ ಎಡಕ್ಕೆ ಅವ್ವ ಬರೆಯುತ್ತಿದ್ದಳು, ಬಲಕ್ಕೆ ಅಪ್ಪ ಬರೆಯುತ್ತಿದ್ದ. ನನ್ನ ಒಂಬತ್ತನೇ ವಯಸ್ಸಿನಿಂದ ಹನ್ನೊಂದನೇ ವಯಸ್ಸಿನವರೆಗೆ ಅವರಿಬ್ಬರ ನಡುವೆ ನಡೆದದ್ದೆಲ್ಲ ಆ ಪಾಟಿಯ ಮೇಲೆಯೇ. ಅದೂ ಸಾಬೂನಿನ ವಿಷಯ ಮಾತ್ರ.

ಮಾತು ನಿಂತದ್ದು ಒಂದು ಶ್ರಾವಣ ಸೋಮವಾರ. ಅವ್ವ ಅವತ್ತು ಬೆಳಗಿನಿಂದ ಉಪವಾಸ ಇದ್ದಳು, ನೀರು ಕೂಡ ಕುಡಿದಿರಲಿಲ್ಲ. ಅಪ್ಪ ಊರ ಹೊರಗಿನ ಸಿಮೆಂಟ್ ಕಾರ್ಖಾನೆಯ ಲ್ಯಾಬಿನಲ್ಲಿ ತೂಕ ಮಾಡುವ ಕೆಲಸಕ್ಕಿದ್ದ. ಸಂಜೆ ಕಂಪನಿ ಬಸ್ಸಿನಿಂದ ಇಳಿದು ಬಂದವನು ಅಂಗಿಯ ಗುಂಡಿ ಬಿಚ್ಚದೆ ಹೊಸ್ತಿಲಲ್ಲೇ ಕೂತ. ಐನಾಪುರದಿಂದ, ಅಂದರೆ ಚಿಂಚೋಳಿ ಕಡೆಯ ಅವ್ವನ ತವರಿನಿಂದ, ಕಾರ್ಖಾನೆಯ ಆಫೀಸಿಗೆ ಫೋನು ಬಂದಿತ್ತು. ಮುತ್ಯಾನ, ಅವ್ವನ ಅಪ್ಪನ, ಜೀವ ಹೋಗುವ ಹಾಗಿದೆ, ಮಗಳನ್ನು ಕೇಳುತ್ತಿದ್ದಾನೆ, ಕೂಡಲೇ ಕಳಿಸಿ ಎಂದು. ಅಡುಗೆಮನೆಯಲ್ಲಿ ಅವ್ವ ಆಗಷ್ಟೇ ತಾಟಿಗೆ ಕೈ ಹಾಕಿದ್ದಳು. ಈಗ ಹೇಳಿದರೆ ತುತ್ತು ಇಳಿಯುವುದಿಲ್ಲ, ಹೊಟ್ಟೆಗೆ ಏನೂ ಇಲ್ಲದೆ ಚಿಂಚೋಳಿತನಕ ಬಸ್ಸಿನಲ್ಲಿ ಹೇಗೆ ಹೋದಾಳು, ಉಂಡ ಮೇಲೆ ಹೇಳಿದರಾಯಿತು ಎಂದು ಅಪ್ಪ ಅರ್ಧ ತಾಸು ಕಾದ. ಅವಳು ಕೈ ತೊಳೆದ ಮೇಲೆ ಹೇಳಿದ. ಇಬ್ಬರೂ ಬಸ್ ನಿಲ್ದಾಣಕ್ಕೆ ಓಡಿದರು, ನನ್ನನ್ನೂ ಎಳೆದುಕೊಂಡು. ಚಿಂಚೋಳಿಯ ಕೊನೆಯ ಬಸ್ಸು ಆಗಷ್ಟೇ ಹೋಗಿತ್ತು. ಮರುದಿನ ಬೆಳಿಗ್ಗೆ ನಾವು ಐನಾಪುರ ಮುಟ್ಟಿದಾಗ ಮುತ್ಯಾನನ್ನು ಗೋಡೆಗೆ ಒರಗಿಸಿ ಕೂರಿಸಿದ್ದರು, ಹಣೆಗೆ ವಿಭೂತಿ, ಕೊರಳಿಗೆ ಹೂವು. ಮಗಳು ಬಂದಳೇನು ಎಂದು ಎರಡು ಸಲ ಕೇಳಿದನಂತೆ. ಮೂರನೇ ಸಲ ಕೇಳಲಿಲ್ಲವಂತೆ. ಮಣ್ಣು ಮುಗಿಸಿ ಬಂದ ಮೇಲೆ ಅವ್ವ ಅಪ್ಪನ ಮುಂದೆ ನಿಂತು ಒಂದೇ ಮಾತು ಕೇಳಿದಳು.

“ನನಗ ಉಣ್ಣಿಸಿ ಹೇಳಿದ್ರಿ, ಅಲ್ಲಾ?”

ಅಪ್ಪ ನೆಲ ನೋಡಿದ. ಅದೇ ಕೊನೆ. ಅವ್ವ ಬೈಯಲಿಲ್ಲ, ಅಳಲಿಲ್ಲ, ತವರಿಗೆ ಹೋಗಿ ಕೂರಲಿಲ್ಲ. ದಿನಾ ಎರಡು ಹೊತ್ತು ಬಿಸಿ ರೊಟ್ಟಿ ಬಡಿದಳು, ಅವನ ಖಾಕಿ ಅಂಗಿಯ ಸಿಮೆಂಟ್ ಧೂಳು ಒಗೆದಳು, ಜ್ವರ ಬಂದಾಗ ಗಂಜಿ ಕಾಸಿದಳು. ಅವನ ಕೂಡ ಮಾತು ಮಾತ್ರ ಆಡಲಿಲ್ಲ. ಮೊದಮೊದಲು ಅಪ್ಪ ಏನಾದರೂ ಕೇಳಿ ಕಾಯುತ್ತಿದ್ದ. ಉತ್ತರ ನನ್ನ ಮೂಲಕ ಬರುತ್ತಿತ್ತು. ಕಡೆಕಡೆಗೆ ಅವನೂ ನನ್ನನ್ನೇ ಕರೆಯತೊಡಗಿದ.

“ಸೂಗಿ, ನಿಮ್ಮವ್ವಗ ಹೇಳು, ನಾಳೆ ನಂದು ಫಸ್ಟ್ ಶಿಫ್ಟ್ ಅದ.”

“ಸೂಗಿ, ನಿಮ್ಮಪ್ಪಗ ಹೇಳು, ಗೊತ್ತಾಗ್ಯದ ಅಂತ.”

ಇಬ್ಬರ ನಡುವೆ ಮೂರು ಮಾರು ಅಂತರ. ನಾನು ಹೇಳುವ ಮೊದಲೇ ಇಬ್ಬರಿಗೂ ಕೇಳಿಸಿರುತ್ತಿತ್ತು. ಆದರೂ ನಾನು ಹೇಳಲೇಬೇಕು, ಇಲ್ಲದಿದ್ದರೆ ಅದು ಹೇಳಿದಂತಾಗುತ್ತಿರಲಿಲ್ಲ. ಶಾಲೆಯಲ್ಲಿ ಹುಡುಗಿಯರು ತಮ್ಮ ಮನೆಯ ಜಗಳಗಳನ್ನು ಬಣ್ಣಿಸುವಾಗ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಒಬ್ಬಳ ಅಪ್ಪ ತಾಟು ಎಸೆದನಂತೆ, ಅವ್ವ ಲಟ್ಟಣಿಗೆ ಹಿಡಿದಳಂತೆ, ರಾತ್ರಿ ಇಬ್ಬರೂ ನಗುತ್ತ ಉಂಡರಂತೆ. ನಮ್ಮ ಮನೆಯಲ್ಲಿ ತಾಟಿನ ಸದ್ದು ಕೂಡ ಮೆಲ್ಲಗೆ. ಪಕ್ಕದ ಮನೆಯ ಖಾಸಿಂಬಿ ಖಾಲಾ ಎಮ್ಮೆ ಹಾಲು ಕೊಡಲು ಬಂದಾಗ ಮಾತ್ರ ಗೋಡೆಗಳಿಗೆ ಮಾತು ಕೇಳುವ ಭಾಗ್ಯ. ಅವಳು ಬಾಗಿಲಲ್ಲಿ ನಿಂತು ಹಣೆ ಬಡಿದುಕೊಳ್ಳುತ್ತಿದ್ದಳು.

“ಯಾ ಅಲ್ಲಾ, ಇದೇನ್ ಮನೀನವ್ವಾ ಸೂಗಿ, ದರ್ಗಾದಾಗೂ ಇದಕ್ಕಿಂತ ಹೆಚ್ಚಿಗಿ ಗದ್ಲ ಇರ್ತದ!”

ಸಾಬೂನು ಮಾಡುವುದು ಮಾತು ನಿಲ್ಲುವ ಮೊದಲಿನಿಂದಲೂ ನಡೆದುಬಂದ ಕೆಲಸ. ನಮ್ಮ ಓಣಿಯ ಬಾವಿ ನೀರು ಸವುಳು. ಅಂಗಡಿಯ ಸಾಬೂನು ಎಷ್ಟು ತಿಕ್ಕಿದರೂ ಬುರುಗು ಬಾರದೆ ಬಕೆಟ್ಟಿನ ಅಂಚಿಗೆ ಬಿಳಿ ಕೆನೆ ಕಟ್ಟುತ್ತಿತ್ತು. ಕೊಬ್ಬರಿ ಎಣ್ಣೆಯ ಸಾಬೂನಾದರೆ ಸವುಳು ನೀರಿಗೂ ಬುರುಗು ಕೊಡುತ್ತದೆಂದು ಲ್ಯಾಬಿನಲ್ಲಿ ಯಾರೋ ಅಪ್ಪನಿಗೆ ಹೇಳಿದ್ದರಂತೆ. ಎರಡು ತಿಂಗಳಿಗೊಮ್ಮೆ, ಶನಿವಾರ ಮಾಡಿ ರವಿವಾರ ಕತ್ತರಿಸುವುದು ರೂಢಿ. ಎಣ್ಣೆ ಅವ್ವನದು, ಕಾಸ್ಟಿಕ್ ಸೋಡಾ ಅಪ್ಪನದು. ಒಬ್ಬರದಕ್ಕೆ ಇನ್ನೊಬ್ಬರು ಕೈ ಹಚ್ಚುವಂತಿಲ್ಲ. ಮಾತು ನಿಂತ ಮೇಲೂ ಈ ಕೆಲಸ ನಿಲ್ಲಲಿಲ್ಲ, ಯಾಕೆಂದರೆ ಬಟ್ಟೆ ಒಗೆಯದೆ ಇರಲಾಗುವುದಿಲ್ಲ. ಶನಿವಾರ ಬೆಳಿಗ್ಗೆ ಅವ್ವ ಯಾವ ಎಣ್ಣೆ ಎಷ್ಟು ಕಿಲೋ ಎಂದು ಪಾಟಿಯ ಎಡಕ್ಕೆ ಬರೆಯುತ್ತಿದ್ದಳು: ಕೊಬ್ಬರಿ 3, ಕುಸುಬಿ 1. ಮಧ್ಯಾಹ್ನ ಶಿಫ್ಟ್ ಮುಗಿಸಿ ಬಂದ ಅಪ್ಪ ಅದನ್ನು ನೋಡಿ ಲೆಕ್ಕ ಹಾಕಿ ಬಲಕ್ಕೆ ಬರೆಯುತ್ತಿದ್ದ: 651. ಅಷ್ಟು ಗ್ರಾಂ ಕಾಸ್ಟಿಕ್ ತೂಗಿ, ಹಿತ್ತಿಲಲ್ಲಿ ಪಿಂಗಾಣಿ ಬರಣಿಯ ನೀರಿಗೆ ಸ್ವಲ್ಪಸ್ವಲ್ಪವೇ ಹಾಕಿ ಕಲಕಿ, ಆರಲು ಬಿಟ್ಟು, ಮೇಲೆ ಒಂದು ಫರ್ಸಿ ತುಂಡು ಮುಚ್ಚಿಡುತ್ತಿದ್ದ. ಸಂಜೆ ಅವ್ವ ಅದನ್ನು ಸ್ಟೀಲಿನ ಪಾತೇಲಿಯ ಎಣ್ಣೆಗೆ ಸುರಿದು, ಮಿಶ್ರಣ ಗಟ್ಟಿಯಾಗಿ ಮೇಲೆ ಗೆರೆ ಬೀಳುವತನಕ ಬೇವಿನ ಕೋಲಿನಿಂದ ತಿರುವಿ, ಕಟ್ಟಿಗೆಯ ಅಚ್ಚಿಗೆ ಹಾಕುತ್ತಿದ್ದಳು. ವಾರ ಕಳೆದ ಮೇಲೆ ಒಂದು ತುಂಡು ತೆಗೆದು ನಾಲಗೆಯ ತುದಿಗೆ ಹಚ್ಚಿ ನೋಡುವ ಕೆಲಸ ನನ್ನದು. ಚುರ್ ಅಂದರೆ ಇನ್ನೂ ಕಾಸ್ಟಿಕ್ ಇದೆ ಎಂದರ್ಥ. ಏನೂ ಅನ್ನದಿದ್ದರೆ ಸಾಬೂನು ಮೈಗೆ ಹಚ್ಚಲು ಯೋಗ್ಯ.

ಲೆಕ್ಕವನ್ನು ಅಪ್ಪ ನನಗೆ ಕಲಿಸಿದ್ದ. ಅವನು ನನ್ನ ಕೂಡ ಉದ್ದ ಮಾತಾಡುತ್ತಿದ್ದದ್ದು ಆಗ ಮಾತ್ರ. ಲ್ಯಾಬಿನಿಂದ ತಂದ ಹಳೆಯ ತಕ್ಕಡಿಯ ಮುಂದೆ ನನ್ನನ್ನು ಕೂರಿಸಿಕೊಂಡು ಹೇಳುತ್ತಿದ್ದ.

“ನೋಡು ಸೂಗಿ, ಎಲ್ಲಾ ಎಣ್ಣಿಗೂ ಒಂದೇ ನಮೂನಿ ಹಸಿವು ಇರಂಗಿಲ್ಲ. ಕೊಬ್ಬರಿ ಎಣ್ಣಿ ಹೊಟ್ಟಿಬಾಕ. ಕಿಲೋಕ್ಕ ನೂರಾ ಎಂಬತ್ಮೂರು ಗ್ರಾಂ ಕಾಸ್ಟಿಕ್ ತಿಂತದ. ಕುಸುಬಿ ನೂರಾ ಮೂವತ್ತಾರಕ್ಕೇ ಸಾಕಂತದ. ಮೂರು ಕಿಲೋ ಕೊಬ್ಬರಿ, ಒಂದು ಕಿಲೋ ಕುಸುಬಿ ಅಂದ್ರ ಒಟ್ಟು ಎಷ್ಟು?”

“ಆರ್ನೂರಾ ಎಂಬತ್ತೈದು.”

“ಹಾಂ. ಅದ್ರಾಗ ನೂರಕ್ಕ ಐದರಂಗ ಕಳಿ. ಒಂದೀಟು ಎಣ್ಣಿ ಉಪವಾಸ ಉಳಿಬೇಕು. ಆ ಉಳಿದ ಎಣ್ಣಿನೇ ಕೈ ಮೆತ್ತಗ ಇಡ್ತದ.”

“ಆರ್ನೂರಾ ಐವತ್ತೊಂದು. ಹೆಚ್ಚಿಗಿ ಹಾಕಿದ್ರ ಏನಾಗ್ತದಪ್ಪಾ?”

“ಉಂಡು ಉಳಿದ ಕಾಸ್ಟಿಕ್ ಸಾಬಾನದಾಗೇ ಕುಂದರ್ತದ. ಆಮ್ಯಾಲ ಕೈ ತಿಂತದ.”

ಈ ಕೊನೆಯ ಮಾತನ್ನು ನಾನು ಕೇಳಿಸಿಕೊಂಡಿದ್ದೆ. ಕೇಳಿರಲಿಲ್ಲ, ಗೊತ್ತಿರಲಿಲ್ಲ ಎಂದು ಈ ವಯಸ್ಸಿನಲ್ಲಿ ಸುಳ್ಳು ಹೇಳಿ ನನಗೇನೂ ಆಗಬೇಕಾಗಿಲ್ಲ. ಆದರೆ ಹತ್ತು ವರ್ಷದವಳಿಗೆ ಅದು ಗಣಿತದ ಪುಸ್ತಕದಲ್ಲಿ ಬರುವ ಮಾತಿನ ಹಾಗೆ ಕೇಳಿಸಿತ್ತು. ಪುಸ್ತಕದಲ್ಲಿ ಹತ್ತು ಆಳು ಒಂದು ಗೋಡೆ ಕಟ್ಟುತ್ತಾರೆ, ಅವರಲ್ಲಿ ಯಾರಿಗೂ ಕೈ ಇರುವುದಿಲ್ಲ.

ಆ ಪಾಟಿಯನ್ನು ನಾನು ದಿನಕ್ಕೆ ಎಷ್ಟು ಸಲ ನೋಡುತ್ತಿದ್ದೆನೋ. ಮುಂದಿನ ಸಾಬೂನು ಮಾಡುವತನಕ ಅವ್ವ ಅದನ್ನು ಒರೆಸುತ್ತಿರಲಿಲ್ಲ. ಎರಡು ತಿಂಗಳು ಅವಳ ಅಂಕಿಯೂ ಅವನ ಅಂಕಿಯೂ ಅಕ್ಕಪಕ್ಕ ಇರುತ್ತಿದ್ದವು. ಅವ್ವ ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು, ಅವಳ ಅಂಕಿಗಳು ದೊಡ್ಡವು, ಒಂದಿಷ್ಟು ವಾಲಿದವು. ಅಪ್ಪನವು ಲ್ಯಾಬಿನ ರಜಿಸ್ಟರಿನಲ್ಲಿ ಬರೆದಂತೆ ಸಣ್ಣ, ನೆಟ್ಟಗೆ. ಶಾಲೆಯಿಂದ ಬಂದು ಚೀಲ ಇಳಿಸಿ, ಮೊದಲು ಪಾಟಿಯ ಮುಂದೆ ನಿಲ್ಲುತ್ತಿದ್ದೆ. ಮನೆಯಲ್ಲಿ ಅವರಿಬ್ಬರನ್ನು ಒಟ್ಟಿಗೆ ನೋಡಬಹುದಾದ ಜಾಗ ಅದೊಂದೇ. ಆದರೆ ನನಗೆ ಬೇಕಾಗಿದ್ದದ್ದು ಅಂಕಿಯಲ್ಲ, ಮಾತು. ಒಂದು ಸಲ, ಒಂದೇ ಒಂದು ಸಲ, ಒಬ್ಬರು ಕೇಳಿ ಇನ್ನೊಬ್ಬರು ಉತ್ತರ ಕೊಡುವುದನ್ನು ನನ್ನ ಕಿವಿಯಿಂದ ಕೇಳಬೇಕಾಗಿತ್ತು, ನಡುವೆ ನಾನಿಲ್ಲದೆ. ಜಗಳವಾದರೂ ಸರಿ. ಜಗಳವಾದರೆ ಇನ್ನೂ ಚಲೋ, ಅದರಲ್ಲಿ ಮಾತು ಹೆಚ್ಚು.

ನನ್ನ ಹನ್ನೊಂದನೇ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಐನಾಪುರದ ಮಾವ ಬಸ್ಸಿನವರ ಕೈಯಲ್ಲಿ ಒಂದು ಡಬ್ಬಿ ಕುಸುಬಿ ಎಣ್ಣೆ ಕಳಿಸಿದ. ಮುತ್ಯಾ ಬಿತ್ತುತ್ತಿದ್ದ ಹೊಲದ ಕುಸುಬಿ, ಮಾವ ಗಾಣಕ್ಕೆ ಹಾಕಿಸಿದ್ದು. ಅಪ್ಪ ಆಗ ಶಿಫ್ಟಿನಲ್ಲಿದ್ದ. ಅವ್ವ ಡಬ್ಬಿಯ ಮುಚ್ಚಳ ತೆಗೆದು ಮೂಸಿ, ಎಷ್ಟೋ ಹೊತ್ತು ಅದರ ಮುಂದೆ ಕೂತಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು ಡಬ್ಬಿಯನ್ನು ಅಡುಗೆಮನೆಯ ಮೂಲೆಗೆ ಸರಿಸಿದಳು. ಅಪ್ಪ ಆ ಖೋಲಿಗೆ ಕಾಲಿಡುತ್ತಿರಲಿಲ್ಲ. ತಾಟು ಹೊಸ್ತಿಲಿಗೆ ಬರುತ್ತಿತ್ತು, ಅಲ್ಲೇ ಉಣ್ಣುತ್ತಿದ್ದ. ಆ ಶನಿವಾರ ಬೆಳಿಗ್ಗೆ ಅವ್ವ ಪಾಟಿ ಒರೆಸಿ, ಎಂದೂ ಬರೆಯದ ರೀತಿಯಲ್ಲಿ ಬರೆದಳು: ಕೊಬ್ಬರಿ 1, ಕುಸುಬಿ 3. ತವರಿನ ಎಣ್ಣೆಯ ಸಾಬೂನು ಮಾಡಬೇಕೆಂದು ಅವಳಿಗೆ ಅನಿಸಿತ್ತು. ನನಗೆ ಲೆಕ್ಕ ತಲೆಯಲ್ಲೇ ಆಗಿಹೋಯಿತು. ಒಟ್ಟು ಐನೂರ ತೊಂಬತ್ತೊಂದು, ನೂರಕ್ಕೆ ಐದು ಕಳೆದರೆ ಐನೂರ ಅರವತ್ತೊಂದು. 561. ಅದೇ ಮೂರು ಅಂಕಿ, ಜಾಗ ಬೇರೆ.

ಶನಿವಾರ ಅರ್ಧ ದಿನದ ಶಾಲೆ. ನಾನು ಬಂದಾಗ ಅವ್ವ ಸಂತೆಗೆ ಹೋಗಿದ್ದಳು. ಅಪ್ಪ ಇನ್ನೂ ಬಂದಿರಲಿಲ್ಲ. ಪಾಟಿಯ ಮುಂದೆ ನಿಂತೆ. ಯೋಚನೆ ಹೇಗೆ ಬಂತೆಂದು ಈಗಲೂ ಹೇಳಲಾರೆ, ಆದರೆ ಬಂದ ಮೇಲೆ ಬಹಳ ಸರಳವಾಗಿ ಕಂಡಿತು. ಬೆರಳಿಗೆ ಉಗುಳು ಹಚ್ಚಿ 1 ಇದ್ದಲ್ಲಿ 3, 3 ಇದ್ದಲ್ಲಿ 1 ಬರೆದೆ. ಅವ್ವನ ಹಾಗೆ ದೊಡ್ಡದಾಗಿ, ವಾಲಿಸಿ ಬರೆದೆ. ಅಪ್ಪ ಬಂದ, ನೋಡಿದ, ಯಾವಾಗಿನ ಲೆಕ್ಕವೇ ಆದ್ದರಿಂದ ಕಾಗದ ಕೂಡ ತೆಗೆಯದೆ 651 ಎಂದು ಬರೆದು, ಹೊರಗಿನಿಂದ ಸುತ್ತಿ ಹಿತ್ತಿಲಿಗೆ ಹೋದ. ಬರಣಿಯಿಂದ ಹೊಗೆ ಎದ್ದದ್ದನ್ನು ಕಿಟಕಿಯಿಂದ ನೋಡುತ್ತ ನಾನು ಮತ್ತೆ ಉಗುಳು ಹಚ್ಚಿ ಅವ್ವನ ಅಂಕಿಗಳನ್ನು ಮೊದಲಿನ ಹಾಗೆ ಮಾಡಿದೆ. ಸಾಬೂನು ಕೆಡುತ್ತದೆ, ಮರಳಿನ ಹಾಗೆ ಉದುರುತ್ತದೆ, ನಾಲಗೆಗೆ ಚುರ್ ಅನ್ನುತ್ತದೆ, ತವರಿನ ಎಣ್ಣೆ ಹಾಳಾಯಿತೆಂದು ಅವ್ವ ಸಿಟ್ಟಿಗೇಳುತ್ತಾಳೆ, ಆ ಸಿಟ್ಟಿಗೆ ನನ್ನನ್ನು ಕರೆದು ಹೇಳುವಷ್ಟು ತಾಳ್ಮೆ ಇರುವುದಿಲ್ಲ. ಇಷ್ಟೇ ನನ್ನ ಹೊಂಚು. ಸಂಜೆ ಅವ್ವ ಬಂದು 651 ನೋಡಿದಳು. ಒಟ್ಟು ಎಣ್ಣೆ ಯಾವಾಗಿನಂತೆ ನಾಲ್ಕೇ ಕಿಲೋ ಅಲ್ಲವೇ, ಅವಳಿಗೆ ಅನುಮಾನ ಬರಲಿಲ್ಲ. ಅಪ್ಪನ ಮೇಲೆ ಅವಳಿಗೆ ಏನೆಲ್ಲ ಇದ್ದರೂ ಅವನ ತೂಕದ ಮೇಲೆ ಎಳ್ಳಷ್ಟೂ ಸಂಶಯ ಇರಲಿಲ್ಲ.

ರವಿವಾರ ಮಧ್ಯಾಹ್ನ ಅಪ್ಪ ಅಂಗಳದಲ್ಲಿ ಸೈಕಲ್ ಮಗುಚಿ ಹಾಕಿ ಚೈನಿಗೆ ಎಣ್ಣೆ ಬಿಡುತ್ತಿದ್ದ. ಅವ್ವ ಅಡುಗೆಮನೆಯಲ್ಲಿ ಅಚ್ಚು ಬಿಚ್ಚಿ ತಂತಿಯಿಂದ ಸಾಬೂನು ಕತ್ತರಿಸಿದಳು. ಅಂಚಿನಲ್ಲಿ ಉಳಿಯುವ ಚೂರುಗಳನ್ನು ಅವಳು ಎಂದೂ ಎಸೆಯುತ್ತಿರಲಿಲ್ಲ. ಎರಡೂ ಅಂಗೈ ನಡುವೆ ಒತ್ತಿ ಒತ್ತಿ ಉಂಡೆ ಕಟ್ಟಿ, ಪಾತ್ರೆ ತಿಕ್ಕಲು ಒಂದನ್ನು ತನಗೆ, ಒಂದನ್ನು ಖಾಸಿಂಬಿಗೆ ಇಡುತ್ತಿದ್ದಳು. ಅವತ್ತು ಚೂರು ಬಹಳ ಇದ್ದವು, ಸಾಬೂನು ಪೆಳಸಾಗಿ ಒಡೆದಿತ್ತು. ನಾನು ನನ್ನ ಹಾಸಿಗೆಯ ಮೇಲೆ ಕೂತು ನೋಡುತ್ತಿದ್ದೆ. ಈಗ ಸಿಟ್ಟಿಗೇಳುತ್ತಾಳೆ, ಈಗ ಅಂಗಳದ ಕಡೆ ತಿರುಗುತ್ತಾಳೆ ಎಂದು ಕಾಯುತ್ತಿದ್ದೆ. ಅವಳು ತಿರುಗಲಿಲ್ಲ. ಒಡೆದದ್ದನ್ನು ಕೂಡಿಸಲು ಇನ್ನಷ್ಟು ಜೋರಾಗಿ ಒತ್ತುತ್ತ ಉಂಡೆ ಕಟ್ಟುತ್ತಲೇ ಇದ್ದಳು. ಕೈ ಜಾರುತ್ತಿತ್ತು. ಸಾಬೂನು ಜಾರುವುದೇ ಅಲ್ಲವೇ. ಅಪ್ಪ ಹೇಳಿದ ಮಾತು ನನಗೆ ಆಗ ನೆನಪಾಯಿತು. ನೆನಪಾದ ಮೇಲೂ ನಾನು ಬಾಯಿ ಬಿಡಲಿಲ್ಲ. ಇನ್ನೊಂದು ಕ್ಷಣ ಕಾದರೆ ಅವರು ಮಾತಾಡಬಹುದು ಎಂದುಕೊಂಡೆ. ಅಪ್ಪ ಅವತ್ತು ಅರ್ಧ ತಾಸು ಕಾದ ಹಾಗೆ ನಾನೂ ಕಾದೆ. ಐದನೇ ಉಂಡೆಯ ಹೊತ್ತಿಗೆ ಅವ್ವ ಕೈ ಬಿಚ್ಚಿ ನೋಡಿಕೊಂಡಳು. ಅಂಗೈ ಕೆಂಪಾಗಿ, ಬೆರಳ ಸಂದಿಯ ಚರ್ಮ ಬೆಂದ ಆಲೂಗಡ್ಡೆಯ ಸಿಪ್ಪೆಯಂತೆ ಎದ್ದಿತ್ತು. ಅವಳ ಬಾಯಿಂದ ಬಂದದ್ದು ಮಾತಲ್ಲ, ಉಸಿರು. ಆ ಉಸಿರಿಗೇ ಅಪ್ಪ ಸೈಕಲ್ ಬಿಟ್ಟು ಓಡಿಬಂದ. ಎರಡು ವರ್ಷದಿಂದ ದಾಟದ ಹೊಸ್ತಿಲು ದಾಟಿ, ಹಂಡೆಯ ನೀರನ್ನು ಪರಾತಕ್ಕೆ ಸುರಿದ.

“ಕೈ ನೀರಾಗ ಇಡು.”

“ಇಟ್ಟೀನ್ರಿ.”

ಇಷ್ಟೇ. ನಡುವೆ ನಾನಿರಲಿಲ್ಲ. ಅವನು ಅವಳಿಗೆ ಹೇಳಿದ, ಅವಳು ಅವನಿಗೆ ಹೇಳಿದಳು, ಎರಡು ವರ್ಷದಿಂದ ಅವನಿಗೆ ಅನ್ನದ ‘ರಿ’ ಹಚ್ಚಿ ಹೇಳಿದಳು. ನಾನು ಬಯಸಿದ್ದು ಆಗಿಹೋಯಿತೆಂದು ಹಾಸಿಗೆಯ ಮೇಲೆ ಎದ್ದು ನಿಂತೆ. ಹೌದು, ಅವಳ ಕೈ ಬೇಯುತ್ತಿದ್ದಾಗ ನನಗೆ ಸಂತೋಷವಾಯಿತು. ಅದಕ್ಕೆ ನಾನು ಇವತ್ತಿಗೂ ನನ್ನನ್ನು ಕ್ಷಮಿಸಿಲ್ಲ. ಅಪ್ಪ ನೀರು ಬದಲಿಸುತ್ತಲೇ ಇದ್ದ, ಬದಲಿಸುತ್ತಲೇ ಇದ್ದ. ಹಂಡೆ ಖಾಲಿಯಾದಾಗ ಖಾಸಿಂಬಿ ಖಾಲಾಳ ಮನೆಯಿಂದ ಕೊಡ ತಂದ. ಖಾಲಾ ಹಿಂದೆಯೇ ಬಂದು ಬಾಗಿಲು ಹಿಡಿದು ನಿಂತಳು.

“ಏನಾಯ್ತು ಭಾಯ್‍ಸಾಬ್? ನಿಮ್ಮ ತೂಕ ಎಂದೂ ತಪ್ಪಂಗಿಲ್ಲಲ್ರಿ?”

ಅಪ್ಪ ಆಗ ಪಾಟಿಯ ಕಡೆ ನೋಡಿದ. ಕೊಬ್ಬರಿ 1, ಕುಸುಬಿ 3, ಎದುರಿಗೆ ಅವನದೇ ಕೈಬರಹದ 651. ಹತ್ತಿರ ಹೋದ. ಮೂಗು ತಾಗುವಷ್ಟು ಹತ್ತಿರ ನಿಂತು ಬಹಳ ಹೊತ್ತು ನೋಡಿದ. ಒಮ್ಮೆ ತಿರುಗಿ ನನ್ನ ಕಡೆ ನೋಡಿದನೋ, ನನ್ನ ಹಿಂದಿನ ಗೋಡೆ ನೋಡಿದನೋ. ಆಮೇಲೆ ಒದ್ದೆ ಅಂಗೈಯಿಂದ ಇಡೀ ಪಾಟಿಯನ್ನು ಒರೆಸಿಬಿಟ್ಟ, ಎಡವನ್ನೂ ಬಲವನ್ನೂ.

“ತಪ್ಪು ನಂದೇ ಅದ ಖಾಸಿಂಬಿ. ಒಂದನ್ನ ಮೂರು ಅಂತ ಓದೀನಿ. ಕಣ್ಣು ಮಂಜಾಗ್ಯಾವ.”

ಮರುದಿನ ಕೆಲಸಕ್ಕೆ ರಜೆ ಹಾಕಿ ಒಬ್ಬನೇ ಕಲಬುರಗಿಗೆ ಹೋದ. ಸಂಜೆ ಕಪ್ಪು ದಪ್ಪ ಚೌಕಟ್ಟಿನ ಚಸ್ಮಾ ಹಾಕಿಕೊಂಡು ಬಂದ. ಹೊಸ್ತಿಲಲ್ಲಿ ನಿಂತು, ಅಡುಗೆಮನೆಗೆ ಕೇಳುವಷ್ಟು ಗಟ್ಟಿಯಾಗಿ ನನಗೆ ಹೇಳಿದ.

“ಸೂಗಿ, ಡಾಕ್ಟರ್ ಹೇಳ್ಯಾರ, ಎಲ್ಲಾ ಕಣ್ಣಿಂದೇ ತಪ್ಪಂತ.”

ಅವ್ವನ ಎರಡೂ ಕೈಗೆ ಬಟ್ಟೆ ಸುತ್ತಿತ್ತು. ಹದಿನೈದು ದಿನ ಅವಳಿಗೆ ನಾನೇ ತುತ್ತು ಕೊಟ್ಟೆ. ಅನ್ನ, ಬೇಳೆ ಅಪ್ಪ ಕುದಿಸುತ್ತಿದ್ದ, ರೊಟ್ಟಿ ಖಾಸಿಂಬಿ ಕಳಿಸುತ್ತಿದ್ದಳು. ಇನ್ನು ಮಾತು ಶುರುವಾಗುತ್ತದೆ ಎಂದು ನಾನು ಪ್ರತಿ ತುತ್ತಿಗೂ ಕಿವಿಗೊಟ್ಟು ಕೂರುತ್ತಿದ್ದೆ. ನಾಲ್ಕನೇ ದಿನ ಅವ್ವ ತುತ್ತು ನುಂಗಿ ಹೇಳಿದಳು, “ನಿಮ್ಮಪ್ಪಗ ಹೇಳು, ಬ್ಯಾಳಿಗಿ ಉಪ್ಪು ಕಮ್ಮಿ ಆಗ್ಯದ.” ಎಲ್ಲ ಮೊದಲಿನ ಹಾಗೇ ಆಗಿತ್ತು. ಅಲ್ಲ, ಮೊದಲಿಗಿಂತ ಕಡಿಮೆಯಾಗಿತ್ತು. ಅವ್ವನ ಕೈ ಮಾಯ್ದವು, ಆದರೆ ಆ ಕೈಗೆ ಮತ್ತೆ ಕಾಸ್ಟಿಕ್ ತಾಗಿಸಲು ಅಪ್ಪ ಒಪ್ಪಲಿಲ್ಲ. ಉಳಿದ ಕಾಸ್ಟಿಕ್ಕನ್ನು ಲ್ಯಾಬಿಗೆ ಕೊಟ್ಟುಬಂದ, ತಕ್ಕಡಿಯನ್ನು ಅಟ್ಟಕ್ಕೇರಿಸಿದ, ಪಾಟಿಯನ್ನು ಮೊಳೆಯಿಂದ ತೆಗೆದು ಟ್ರಂಕಿಗೆ ಹಾಕಿದ. ಸಾಬೂನು ಅಂಗಡಿಯಿಂದ ಬರತೊಡಗಿತು. ಒಂದು ಮಾತಿಗೆ ಆಸೆಪಟ್ಟು ನಾನು ಅವರ ನಡುವೆ ಉಳಿದಿದ್ದ ಒಂದೇ ಬರಹವನ್ನೂ ಕಳೆದೆ. ಶಾಲೆಯಿಂದ ಬಂದು ಚೀಲ ಇಳಿಸಿ ಬರೀ ಮೊಳೆಯ ಮುಂದೆ ನಿಲ್ಲುವ ಅಭ್ಯಾಸ ಮಾತ್ರ ಬಹಳ ದಿನ ಹೋಗಲಿಲ್ಲ. ನಿಜ ಹೇಳಿಬಿಡಬೇಕೆಂದು ಎಷ್ಟೋ ಸಲ ಅನಿಸಿತು. ಹೇಳಿದರೆ ಅವ್ವ ನನ್ನ ಕೂಡವೂ ಮಾತು ಬಿಟ್ಟಾಳೆಂಬ ಹೆದರಿಕೆ. ಅವಳು ಮಾತು ಬಿಡುವುದರಲ್ಲಿ ಎಷ್ಟು ಗಟ್ಟಿ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಅವಳೂ ಹಾಗೆ ಮಾಡಿದರೆ ಆ ಮನೆಯಲ್ಲಿ ನನಗೆ ಯಾರೂ ಉಳಿಯುತ್ತಿರಲಿಲ್ಲ. ಹೀಗೆ ಮೂವರೂ ಒಂದೊಂದು ಹೇಳದ ಮಾತು ಇಟ್ಟುಕೊಂಡು, ಒಂದೇ ಫರ್ಸಿಯ ಕೆಳಗೆ ಮೂರು ಕಡೆ ಮಲಗುತ್ತಿದ್ದೆವು.

ಅಪ್ಪನ ಚಸ್ಮಾ ಓಣಿಯವರಿಗೆ ತಮಾಷೆಯ ವಸ್ತುವಾಗಿತ್ತು. ಹೊರಗೆ ಹೋಗುವಾಗ, ಉಣ್ಣುವಾಗ, ಸೈಕಲ್ ತುಳಿಯುವಾಗ ಕಣ್ಣ ಮೇಲೆ ಇರುತ್ತಿತ್ತು. ಪೇಪರ್ ಓದುವಾಗ ಮಾತ್ರ ಹಣೆಗೇರಿಸಿ ಬರಿಗಣ್ಣಿನಲ್ಲಿ ಓದುತ್ತಿದ್ದ. “ಭಾಯ್‍ಸಾಬ್, ನಿಮ್ಮ ಹಣೀಗೂ ಓದಲಿಕ್ಕ ಬರ್ತದೇನ್ರಿ?” ಎಂದು ಖಾಲಾ ನಗುತ್ತಿದ್ದಳು. ಅಪ್ಪ ಥಟ್ಟನೆ ಇಳಿಸಿಕೊಳ್ಳುತ್ತಿದ್ದ. ನಾನು ಕಾಲೇಜಿಗೆಂದು ಕಲಬುರಗಿಗೆ ಹೊರಟ ದಿನ ಬಸ್ ನಿಲ್ದಾಣದಲ್ಲಿ, ಇನ್ನು ದೂರ ಹೋಗುತ್ತೇನಲ್ಲ ಎಂಬ ಧೈರ್ಯಕ್ಕೆ ಬಾಯಿ ತೆರೆದೆ.

“ಅಪ್ಪಾ, ಆ ಪಾಟಿ ಇತ್ತಲ್ಲ, ಅವತ್ತು…”

“ಬಸ್ ಬಂತು ನೋಡು. ಹತ್ತು ಹತ್ತು, ಸೀಟು ಸಿಗಂಗಿಲ್ಲ.”

ಬಸ್ಸು ಇನ್ನೂ ಗೇಟಿನ ಹತ್ತಿರವಿತ್ತು. ನಾನು ಹತ್ತಿದೆ. ನಾನಿಲ್ಲದ ಆ ಮನೆಯಲ್ಲಿ ಅವರು ಮಾತಾಡಿಕೊಂಡರೋ ಇಲ್ಲವೋ ನನಗೆ ಗೊತ್ತಿಲ್ಲ. ಹೇಳಿ ಕಳಿಸಲು ಯಾರೂ ಇರದಾಗ ಆಡಿರಲೇಬೇಕು ಅನಿಸುತ್ತದೆ. ಆದರೆ ನಾನು ರಜೆಗೆ ಬಂದು ಹೊಸ್ತಿಲು ತುಳಿದ ಕೂಡಲೇ “ಸೂಗಿ, ನಿಮ್ಮಪ್ಪಗ ಹೇಳು” ಶುರುವಾಗುತ್ತಿತ್ತು. ಅವರ ಮಾತು ಕೇಳುವ ಹಣೆಬರಹ ನನ್ನದಲ್ಲ ಎಂದುಕೊಂಡು ಸುಮ್ಮನಾದೆ. ಚಿತ್ತಾಪುರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಸಿಕ್ಕ ಮೇಲೆ ಸೇಡಂನಿಂದಲೇ ಓಡಾಡಿದೆ. ಮದುವೆಯಾಗಲಿಲ್ಲ. ಯಾಕೆಂದು ಕೇಳಿದವರಿಗೆಲ್ಲ ಒಂದೊಂದು ಕಾರಣ ಹೇಳಿದ್ದೇನೆ. ಎರಡೂವರೆ ಖೋಲಿಯಲ್ಲಿ ಇಬ್ಬರು ಸುಮ್ಮನೆ ಕೂತಿರುವುದನ್ನು ನೋಡಿ ಬೆಳೆದವಳಿಗೆ ಇನ್ನೊಬ್ಬರ ಕೂಡ ಮನೆ ಹೂಡಲು ಧೈರ್ಯವಾಗಲಿಲ್ಲ ಎಂಬುದನ್ನು ಯಾರಿಗೂ ಹೇಳಿರಲಿಲ್ಲ. ಅವ್ವ ಮೊದಲು ಹೋದಳು. ಮುತ್ಯಾನ ಹಾಗೆ ಅವಳನ್ನೂ ಗೋಡೆಗೆ ಒರಗಿಸಿ ಕೂರಿಸಿದಾಗ ಅಪ್ಪ ಅವಳ ಎರಡೂ ಅಂಗೈಯನ್ನು ಬಿಚ್ಚಿ ನೋಡಿ, ಮತ್ತೆ ಮೆಲ್ಲಗೆ ಮುಚ್ಚಿದ. ಆಮೇಲೆ ಒಂಬತ್ತು ವರ್ಷ ನಾನೂ ಅಪ್ಪನೂ ಅದೇ ಮನೆಯಲ್ಲಿ ಇದ್ದೆವು. ಚಸ್ಮಾ ಅವನ ಮುಖದ ಮೇಲೆ ಹಾಗೇ ಇತ್ತು, ಕಡೆಯ ದಿನ ನಾನೇ ತೆಗೆದು ಟ್ರಂಕಿನಲ್ಲಿ ಪಾಟಿಯ ಪಕ್ಕ ಇಟ್ಟೆ.

ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಮತ್ತೆ ಸಾಬೂನು ಮಾಡತೊಡಗಿದೆ. ಎಣ್ಣೆಯೂ ನನ್ನದೇ, ಕಾಸ್ಟಿಕ್ಕೂ ನನ್ನದೇ, ನಾಲಗೆಯೂ ನನ್ನದೇ. ಈಚೆಗೆ ತಕ್ಕಡಿಯ ಅಂಕಿ ಮಸುಕಾಗಿ ಕಾಣತೊಡಗಿತು. ಹೊಸ ಚೌಕಟ್ಟು ಯಾಕೆ, ಅಪ್ಪನದು ಗಟ್ಟಿ ಇದೆ, ಅದಕ್ಕೇ ನನ್ನ ನಂಬರಿನ ಗಾಜು ಹಾಕಿಸೋಣ ಎಂದು ಕಳೆದ ತಿಂಗಳು ಬಸ್ ನಿಲ್ದಾಣದ ಹತ್ತಿರದ ಚಸ್ಮಾದ ಅಂಗಡಿಗೆ ಹೋದೆ. ಅಂಗಡಿಯವನು ಹಳೆಯ ನಂಬರ್ ನೋಡುತ್ತೇನೆಂದು ಅದನ್ನು ಯಂತ್ರದ ಕೆಳಗಿಟ್ಟ. ತೆಗೆದು, ಗಾಜು ಒರೆಸಿ, ಮತ್ತೆ ಇಟ್ಟ.

“ಮೇಡಂ, ಇದು ಯಾರ್ದ್ರಿ?”

“ನಮ್ಮಪ್ಪಂದು. ಮೂವತ್ತು ವರ್ಷದ ಮ್ಯಾಲ ಹಾಕ್ಕೊಂಡಾನ.”

“ಇದ್ರಾಗ ನಂಬರೇ ಇಲ್ರಿ. ಎರಡೂ ಕಡೆ ಸೊನ್ನಿ ಅದ. ಬರೇ ಗಾಜು.”

ಅಪ್ಪನ ಕಣ್ಣಿಗೆ ಏನೂ ಆಗಿರಲಿಲ್ಲ. ಒಂದನ್ನು ಮೂರು ಎಂದು ಓದುವವನಲ್ಲ ಅವನು, ಅದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಮನೆಯಲ್ಲಿ ಇದ್ದವರು ಮೂವರು. ಅವ್ವ ತನ್ನ ಅಂಕಿಯನ್ನು ತಾನೇ ಬದಲಿಸುವವಳಲ್ಲ. ಉಗುಳು ಹಚ್ಚಿ ಒರೆಸಿದ ಕಲೆಯನ್ನು ಅವನು ಅವತ್ತು ಮೂಗು ತಾಗಿಸಿ ನೋಡಿದ್ದ. ಅವ್ವನ ಕಣ್ಣು ಆ ಕಲೆಯ ಮೇಲೆ ಬೀಳುವ ಮೊದಲೇ ಅಂಗೈಯಿಂದ ಒರೆಸಿದ್ದ. ಅವಳು ನನ್ನ ಕೂಡ ಮಾತು ಬಿಡಬಾರದೆಂದು ಕಲಬುರಗಿಗೆ ಹೋಗಿ ಬರೇ ಗಾಜು ತಂದು ಹಾಕಿಕೊಂಡಿದ್ದ. ಅವ್ವನಿಗಾಗಿ ಮಾತ್ರ ಆಗಿದ್ದರೆ ಅವಳು ಹೋದ ದಿನವೇ ತೆಗೆದಿಡಬಹುದಿತ್ತು. ಆಮೇಲೂ ಒಂಬತ್ತು ವರ್ಷ ಹಾಕಿಕೊಂಡೇ ಇದ್ದ. ಆಗ ಆ ಮನೆಯಲ್ಲಿ ಅವನನ್ನು ನೋಡುವವಳು ನಾನೊಬ್ಬಳೇ. ಅವನಿಗೆ ಗೊತ್ತಿದೆ ಎಂಬುದು ನನಗೆ ಗೊತ್ತಾಗಬಾರದು, ಅಷ್ಟೇ ಅವನಿಗೆ ಬೇಕಾಗಿತ್ತು.

“ಗಾಜು ಬದಲಿ ಮಾಡ್ಲೇನ್ರಿ ಮೇಡಂ?”

“ಬ್ಯಾಡಪ್ಪ. ಹಂಗೇ ಕೊಡು.”

ಮನೆಗೆ ಬಂದು ಟ್ರಂಕಿನಿಂದ ಪಾಟಿ ತೆಗೆದೆ. ಮೊಳೆ ಇನ್ನೂ ಅಲ್ಲೇ ಇತ್ತು. ಎಡಕ್ಕೆ ಕೊಬ್ಬರಿ 1, ಕುಸುಬಿ 3 ಎಂದು ಬರೆದೆ, ಬಲಕ್ಕೆ 561 ಎಂದು ಬರೆದೆ. ಅಪ್ಪನ ಚಸ್ಮಾ ಹಾಕಿಕೊಂಡು ಸ್ವಲ್ಪ ಹಿಂದೆ ಸರಿದು ಓದಿದೆ, ಗಟ್ಟಿಯಾಗಿ, ಅಡುಗೆಮನೆಗೂ ಮುಂದಿನ ಖೋಲಿಗೂ ಕೇಳುವಷ್ಟು. ಎರಡೂ ಖೋಲಿಯಲ್ಲಿ ಯಾರೂ ಇರಲಿಲ್ಲ.